ಏಳನೇ ಮೊಳೆ

ರಟ್ಟಿನ ಮೇಲೆ ಮತ್ತೊಂದು ಹನಿ ಬಿತ್ತು. ಕಾರಿನ ಕೆಳಗೆ ಅಂಗಾತ ಮಲಗಿದ್ದ ಎಣ್ಣೆ ಡಾಕ್ಟರ್ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚಿದರೆ ಬಿದ್ದದ್ದು ಬಿದ್ದಿಲ್ಲ ಎಂದಾಗುತ್ತದೆಯೇ? ಮುಂದಿನ ಹನಿ, ಹಾಳಾದ್ದು, ನೇರ ಅವನ ಕೆನ್ನೆಯ ಮೇಲೆಯೇ ಬಿತ್ತು.

ಎಣ್ಣೆ ಡಾಕ್ಟರ್ ಎಂಬುದು ಗಿರಾಕಿಗಳು ಇಟ್ಟ ಹೆಸರು. ಎಂಥ ಎಂಜಿನ್ನೇ ಇರಲಿ, ಎಲ್ಲಿಂದ ಎಣ್ಣೆ ಸೋರುತ್ತಿದೆ ಎಂದು ಈತ ಮೂಸಿ ನೋಡಿಯೇ ಹೇಳುತ್ತಾನೆ ಎಂದು ಪ್ರತೀತಿ. ಅದರಲ್ಲಿ ಅರ್ಧ ಸುಳ್ಳು, ಆ ಅರ್ಧವನ್ನು ಅವನೇ ಹಬ್ಬಿಸಿದ್ದು. ಅದು ಹಾಗಿರಲಿ, ಇಪ್ಪತ್ತೈದು ವರ್ಷ ಆ ಹೆಸರಿನಲ್ಲಿ ಗ್ಯಾರೇಜ್ ನಡೆಸಿದವನು ಈಗ ಸ್ವಂತ ಕಾರಿನ ಮುಂದೆ ಸೋತು ಸುಣ್ಣವಾಗಿದ್ದ.

ಕಾರೇನು ಹೊಸದಲ್ಲ. ನಲವತ್ತು ವರ್ಷದ ಹಿಂದಿನ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಗುಜರಿಯಲ್ಲಿ ಮುಳ್ಳುಗಿಡದ ನಡುವೆ ಬಿದ್ದಿದ್ದನ್ನು ಅವನೂ ಅವನ ಅಣ್ಣನೂ ಎಳೆದು ತಂದು, ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಜೀವ ತುಂಬಿಸಿದ್ದರು. ಈಗ ಅದಕ್ಕೆ ಕೊನೆಗಾಲ ಬಂದಿತ್ತು. ತಪಾಸಣೆ ಕೇಂದ್ರದಲ್ಲಿ ಎಂಜಿನ್ ಚಾಲೂ ಇಟ್ಟು ಕೆಳಗೆ ಹದಿನೈದು ನಿಮಿಷ ಬಿಳಿ ರಟ್ಟು ಹಾಸುತ್ತಾರೆ. ಒಂದು ಹನಿ ಬಿದ್ದರೂ ಫೇಲ್. ಎರಡು ಸಲ ಫೇಲಾಗಿತ್ತು. ಮೂರನೇ ಸಲವೂ ಆದರೆ ನೋಂದಣಿ ರದ್ದು, ಗಾಡಿ ಮತ್ತೆ ಗುಜರಿಗೆ, ಈ ಸಲ ಅಪ್ಪಚ್ಚಿಯಾಗಲು. ಮೂರನೇ ಸಲ ಎಂದರೆ ಇವತ್ತೇ, ಸಂಜೆ ನಾಲ್ಕಕ್ಕೆ. ಗೋಡೆಯ ಗಡಿಯಾರದಲ್ಲಿ ಆಗಲೇ ಹನ್ನೊಂದೂವರೆ.

"ಏನ್ರೀ, ಇನ್ನೂ ಅಳು ನಿಲ್ಲಿಸಿಲ್ವಾ ನಿಮ್ಮ ಕೂಸು?" ಹೆಂಡತಿ ಟೀ ತಂದು ಬಾಗಿಲಲ್ಲಿ ನಿಂತಿದ್ದಳು.

"ಸುಮ್ನಿರೇ ಮಾರಾಯ್ತಿ."

"ಕೆಳಗೊಂದು ಲಂಗೋಟಿ ಕಟ್ಟಿ ಕರ್ಕೊಂಡು ಹೋಗಿ ಅತ್ಲಾಗೆ." ಅವನು ನಗಲಿಲ್ಲ. ಅವಳು ಬಗ್ಗಿ ಅವನ ಮುಖ ನೋಡಿದಳು, ಅವಳ ದನಿಯೂ ಇಳಿಯಿತು. "ನಾನು ಹೇಳ್ತೀನಿ ಅಂತ ಬೇಜಾರಾಗ್ಬೇಡಿ. ಭಾವನ್ನ ಒಂದ್ಸಲ ಕರೀಬಾರದಾ?"

"ಕೈ ನಡುಗೋ ಮನುಷ್ಯನ್ನ ಕರೆದು ಏನು ಮಾಡ್ಲಿ? ಈ ಸೋರಿಕೆ ಶುರುವಾಗಿದ್ದೇ ಅವನ ಕೈಯಿಂದ."

ಅವಳು ಲೋಟ ಇಟ್ಟು ಒಳಗೆ ಹೋದಳು.

ಆರು ವರ್ಷದಿಂದ ಅವನು ಇದೇ ಮಾತು ಹೇಳಿಕೊಂಡು ಬಂದಿದ್ದ. ಆರು ವರ್ಷದ ಹಿಂದೆ ಎಂಜಿನ್ನಿನ ಹಿಂಬದಿಯಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲ್ ಸ್ವಲ್ಪ ಜಿನುಗುತ್ತಿತ್ತು. ಗೇರ್‌ಬಾಕ್ಸ್ ಇಳಿಸಿ ಹೊಸ ಸೀಲ್ ಕೂರಿಸಿದವನು ಅಣ್ಣ. ಮರುದಿನ ನೋಡಿದರೆ ಜಿನುಗುತ್ತಿದ್ದದ್ದು ಧಾರೆಯಾಗಿತ್ತು. ಗ್ಯಾರೇಜ್ ತುಂಬ ಗಿರಾಕಿಗಳು. ಇವನಿಗೆ ಅವಮಾನ, ತಲೆ ಕೆಟ್ಟಿತ್ತು, ನಾಲಗೆ ಹರಿಬಿಟ್ಟ. "ನಿನ್ನ ಕೈ ನಡುಗುತ್ತೆ ಅಣ್ಣ. ನಾನು ತುಂಬಾ ದಿನದಿಂದ ನೋಡ್ತಿದ್ದೀನಿ. ಇನ್ಮೇಲೆ ದೊಡ್ಡ ಕೆಲಸ ಮುಟ್ಟಬೇಡ." ತುಂಬಾ ದಿನದಿಂದ ನೋಡಿದ್ದೂ ಇಲ್ಲ, ಮಣ್ಣೂ ಇಲ್ಲ. ಬಾಯಿಗೆ ಬಂತು, ಅಂದುಬಿಟ್ಟ. ಅಣ್ಣ ಎರಡೂ ಅಂಗೈಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಂಡ. ಕೈ ತೊಳೆದ. ಹೋದ. ಮತ್ತೆ ಗ್ಯಾರೇಜಿನ ಹೊಸ್ತಿಲು ತುಳಿಯಲಿಲ್ಲ. ಈಗ ಪೇಟೆಯ ಒಂದು ಆಫೀಸ್ ಕಟ್ಟಡದಲ್ಲಿ ಲಿಫ್ಟಿನೊಳಗೆ ಸ್ಟೂಲ್ ಹಾಕಿಕೊಂಡು ಕೂತು ಮಹಡಿಯ ಗುಂಡಿ ಒತ್ತುತ್ತಾನೆ.

ಆಮೇಲೆ ಈ ಕಾರು ಹೆಚ್ಚು ಓಡಲಿಲ್ಲ. ತಿಂಗಳಿಗೊಮ್ಮೆ ಎಣ್ಣೆ ಹಾಕಿ ಒಂದು ಸುತ್ತು ತಿರುಗಿಸಿ ತಂದು ನಿಲ್ಲಿಸುವುದು, ಅಷ್ಟೇ. ತಪಾಸಣೆಯ ನೋಟಿಸ್ ಬಂದ ಮೇಲೆ ಎರಡು ತಿಂಗಳಿಂದ ಕೈಗೆತ್ತಿಕೊಂಡಿದ್ದ. ಮೇಲಿನ ಮುಚ್ಚಳದ ಗ್ಯಾಸ್ಕೆಟ್ ಬದಲಿಸಿದ, ಮುಂದಿನ ಸೀಲ್ ಸೋರಿತು. ಅದನ್ನು ಬದಲಿಸಿದ, ಕೆಳಗಿನ ಎಣ್ಣೆ ತೊಟ್ಟಿಯ ಅಂಚು ಒದ್ದೆಯಾಯಿತು. ಅದನ್ನೂ ಬಿಚ್ಚಿ ಕಟ್ಟಿದ. ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ಲಕಲಕ ತೊಳೆದು, ಒಣಗಿಸಿ, ಹೆಂಡತಿಯ ಪೌಡರ್ ಡಬ್ಬಿಯನ್ನೇ ತಂದು ಮೈತುಂಬ ಉದುರಿಸಿದ. ಎಣ್ಣೆ ಎಲ್ಲಿಂದ ಹೊರಡುತ್ತದೋ ಅಲ್ಲಿಂದ ಬಿಳಿ ಪೌಡರ್ ಮೇಲೆ ಕಪ್ಪು ಗೆರೆ ಮೂಡಬೇಕು. ಮೂಡಿತು, ಒಂದಲ್ಲ, ಐದು ಕಡೆಯಿಂದ. ಎಂಜಿನ್ ಮೈಯೆಲ್ಲ ಬೆವರುತ್ತಿತ್ತು.

ಕೊನೆಗೆ ಹೋದ ವಾರ ಒಬ್ಬನೇ ಜಾಕ್ ಕೊಟ್ಟು ಗೇರ್‌ಬಾಕ್ಸ್ ಇಳಿಸಿದ. ಅಣ್ಣ ಹಾಕಿದ್ದ ಸೀಲಿನ ಮೇಲೆ ಬೆರಳಾಡಿಸಿದ. ಎಲ್ಲೂ ಓರೆಯಿಲ್ಲ, ಅಂಚು ಹರಿದಿಲ್ಲ, ಸುತ್ತ ಒಂದೇ ಸಮ ಕೂತಿತ್ತು. ಹಾಗಾದರೆ ಅಣ್ಣನ ತಪ್ಪೇನು ಎಂಬ ಯೋಚನೆಯನ್ನು ಅಲ್ಲಿಗೇ ಅದುಮಿ, ಅದನ್ನು ಕಿತ್ತು, ತನ್ನ ಕೈಯಾರೆ ಹೊಸದು ಕೂರಿಸಿದ.

ಆ ಹೊಸ ಸೀಲೇ ಇವತ್ತು ಅವನ ಕೆನ್ನೆಗೆ ಎಣ್ಣೆ ಬಳಿದದ್ದು.

ಅವನು ಕಾರಿನಡಿಯಿಂದ ಹೊರಗೆ ಜಾರಿ ಬಂದು ನೆಲದ ಮೇಲೆಯೇ ಕೂತ. ಎರಡೂ ಕೈ ಚಾಚಿ ನೋಡಿಕೊಂಡ. ಬೆರಳ ತುದಿ ನಡುಗುತ್ತಿದೆಯೇ? ನಡುಗುತ್ತಿದೆ ಎನಿಸಿತು. ಬಿಗಿಹಿಡಿದರೆ ಇನ್ನೂ ನಡುಗಿದಂತೆ ಕಂಡಿತು. ಅಯ್ಯೋ ದೇವರೇ, ನನ್ನ ಕೈಯೂ ಹೋಯಿತೇ? ಕಾರು ಹೋದರೆ ಹೋಗಲಿ ಎನ್ನಲು ಅವನಿಂದಾಗಲಿಲ್ಲ. ಅಣ್ಣನೂ ತಾನೂ ಒಟ್ಟಿಗೆ ಮಾಡಿದ್ದು ಎಂದು ತೋರಿಸಲು ಈ ಭೂಮಿಯ ಮೇಲೆ ಉಳಿದದ್ದು ಅದೊಂದೇ. ಅವನಿಗೆ ಅಳು ಬಂತು. ಒರೆಸಿಕೊಳ್ಳಲು ಹೋಗಿ ಮುಖವೆಲ್ಲ ಮಸಿ ಮಾಡಿಕೊಂಡ.

ಒಂದೂವರೆಗೆ, ಇನ್ನೇನೂ ತೋಚದೆ, ಎಂಜಿನ್ ಚಾಲೂ ಮಾಡಿ ಸುಮ್ಮನೆ ನೋಡುತ್ತ ನಿಂತ. ಎಣ್ಣೆಯ ಮಟ್ಟ ನೋಡುವ ಕಡ್ಡಿ ತನ್ನ ಕೊಳವೆಯಿಂದ ಒಂದು ಬೆರಳಷ್ಟು ಮೇಲೆದ್ದಿತ್ತು. ಒತ್ತಿ ಕೂರಿಸಿದ. ಅದು ನಿಧಾನಕ್ಕೆ ಮತ್ತೆ ಎದ್ದು ಬಂತು. ಎರಡು ತಿಂಗಳಿಂದ ದಿನಾ ಇದೇ ಆಗುತ್ತಿತ್ತು, ಹಿಡಿ ಸಡಿಲವಾಗಿರಬೇಕು ಎಂದುಕೊಂಡು ದಿನಾ ಒತ್ತುತ್ತಿದ್ದ. ಈ ಸಲ ಬೆರಳಡಿಯಲ್ಲಿ ಅದು ಮೇಲಕ್ಕೆ ತಳ್ಳುವುದು ಗೊತ್ತಾಯಿತು. ಎಣ್ಣೆ ಹಾಕುವ ಮುಚ್ಚಳ ತಿರುಗಿಸಿದ. ಬುಸ್ಸೆಂದು ಬಿಸಿ ಗಾಳಿ ಮುಖಕ್ಕೆ ಹೊಡೆಯಿತು.

ಮುಚ್ಚಳ ತೆರೆದೇ ಬಿಟ್ಟು, ಓಡಿ ಕಾರಿನ ಕೆಳಗೆ ತೂರಿಕೊಂಡ. ಸೀಲಿನ ಕೆಳಗೆ ಒಂದು ಹನಿ ತೂಗುತ್ತಿತ್ತು. ಬೀಳಲಿಲ್ಲ. ಒಂದು ನಿಮಿಷ, ಐದು ನಿಮಿಷ. ಬೀಳಲೇ ಇಲ್ಲ.

ಎಂಜಿನ್ನಿಗೂ ಉಸಿರು ಬೇಕು. ಒಳಗೆ ಹುಟ್ಟುವ ಹೊಗೆ, ಒತ್ತಡ ಹೊರಗೆ ಹೋಗಲೆಂದೇ ಪಕ್ಕದಲ್ಲೊಂದು ಕೊಳವೆ ಕೊಟ್ಟಿರುತ್ತಾರೆ. ಅದು ಕಟ್ಟಿಕೊಂಡರೆ ಒಳಗಿನ ಗಾಳಿ ಎಣ್ಣೆಯನ್ನು ಸಿಕ್ಕ ಸಿಕ್ಕ ಸಂದಿಯಲ್ಲಿ ಹೊರಗೆ ದೂಡುತ್ತದೆ, ಸೀಲ್ ಎಷ್ಟೇ ಚೆನ್ನಾಗಿರಲಿ. ಇದು ಕಲಿಯುವ ಹುಡುಗರಿಗೂ ಗೊತ್ತು. ಎಣ್ಣೆ ಡಾಕ್ಟರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೊಳವೆಗೆ ಸೇರುವ ರಬ್ಬರ್ ಪೈಪನ್ನು ಹೊಸದು ಹಾಕಿದ್ದ, ಊದಿಯೂ ನೋಡಿದ್ದ. ಎಂಜಿನ್ನಿಗೆ ಅಂಟಿಕೊಂಡ ಕಬ್ಬಿಣದ ತುಂಡಿನೊಳಗೆ ಮಾತ್ರ ಇಣುಕಿರಲಿಲ್ಲ, ಅಲ್ಲೇನಿರುತ್ತದೆ ಎಂಬ ಅಹಂಕಾರ.

ಟಾರ್ಚ್ ಬಿಟ್ಟು ನೋಡಿದ. ಒಳಗೆ ಕಪ್ಪಗೆ ಏನೋ. ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆದ. ಎಣ್ಣೆ ಕುಡಿದು ಕರ್ರಗಾದ ಬಟ್ಟೆಯ ಉಂಡೆ, ಗೇಣುದ್ದ ಬಂತು, ಇನ್ನೂ ಬಂತು. ಪೆಟ್ರೋಲಿನಲ್ಲಿ ಅದ್ದಿ ಹಿಂಡಿದ. ಅಂಚಿನಲ್ಲಿ ಕೆಂಪು ದಾರದ ಹೊಲಿಗೆ ಕಂಡಿತು.

ಅತ್ತಿಗೆಯ ಹೊಲಿಗೆ ಅದು. ಅವನು ಮೆಲ್ಲಗೆ ಗೋಡೆಯತ್ತ ತಿರುಗಿದ.

ಗೋಡೆಯಲ್ಲಿ ಎಂಟು ಮೊಳೆ. ಅಣ್ಣನ ಕಟ್ಟಳೆ ಅದು. ಎಂಟೇ ಒರೆಸುವ ಬಟ್ಟೆ, ಎಂಟಕ್ಕೂ ಕೆಂಪು ಅಂಚು, ಕೆಲಸ ಮುಗಿದ ಮೇಲೆ ಎಂಟೂ ಮೊಳೆಗೆ ಬರಬೇಕು, ಆಮೇಲೇ ಎಂಜಿನ್ ಚಾಲೂ. ಇವನು "ಬಂದ್ರಪ್ಪಾ ಬಟ್ಟೆ ಮೇಷ್ಟ್ರು" ಎಂದು ಆಡಿಕೊಳ್ಳುತ್ತಿದ್ದ. ಏಳನೇ ಮೊಳೆ ಆರು ವರ್ಷದಿಂದ ಖಾಲಿ.

ಎಲ್ಲ ನೆನಪಾಯಿತು. ಅಂದು ಅಣ್ಣ ಸೀಲ್ ಕೂರಿಸಿ ಊಟಕ್ಕೆ ಹೋಗಿದ್ದ. ಇವನು ಎಂಜಿನ್ ಪಳಪಳ ಮಾಡೋಣವೆಂದು ನೀರು ಹೊಡೆದ. ನೀರು ಒಳಗೆ ಹೋಗದಿರಲಿ ಎಂದು ಕೊಳವೆಗೆ ಬಟ್ಟೆ ತುರುಕಿ, ಸ್ಕ್ರೂಡ್ರೈವರಿನಿಂದ ಒಳಕ್ಕೆ ನೂಕಿದ. ತೆಗೆಯಲು ಮರೆತ. ಸಂಜೆ ಅಣ್ಣ ಕೇಳಿದ್ದ, "ಒಂದು ಬಟ್ಟೆ ಕಮ್ಮಿ ಇದೆಯಲ್ಲೋ?" ಇವನು ಅಂದಿದ್ದ, "ಎಲ್ಲೋ ಬಿದ್ದಿರುತ್ತೆ ಬಿಡು, ನಿನ್ನದೊಂದು ಬಟ್ಟೆ ಗೋಳು."

ನಾಲ್ಕಕ್ಕೆ ರಟ್ಟು ಹಾಸಿದರು. ತಪಾಸಣೆಯವನು ಹದಿನೈದು ನಿಮಿಷ ಕಾದು ರಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಅಬ್ಬಾ, ಒಣಗಿದೆಯಲ್ರೀ! ಏನು ಮಂತ್ರ ಹಾಕಿದ್ರಿ?" ಎಂದು ಠಸ್ಸೆ ಒತ್ತಿದ. ಬೆಳಿಗ್ಗೆಯಾಗಿದ್ದರೆ ಎಣ್ಣೆ ಡಾಕ್ಟರ್ ಅವನನ್ನು ತಬ್ಬಿಕೊಂಡು ಕುಣಿಯುತ್ತಿದ್ದ. ಈಗ ಚೀಟಿಯನ್ನು ಓದದೆ ಜೇಬಿಗೆ ತುರುಕಿ ಗಾಡಿ ಹತ್ತಿದ. ಇನ್ನೊಂದು ಜೇಬಿನಲ್ಲಿ ಬಟ್ಟೆಯಿತ್ತು.

ಆಫೀಸ್ ಕಟ್ಟಡದಲ್ಲಿ ಜನ ಕರಗಿದ್ದರು. ಲಿಫ್ಟಿನ ಬಾಗಿಲು ತೆರೆದಿತ್ತು. ಖಾಕಿ ಅಂಗಿ ತೊಟ್ಟ ಅಣ್ಣ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಪುಟ್ಟ ಗಾಜಿನ ಲೋಟ, ಅದನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದ. ತಮ್ಮನನ್ನು ಕಂಡು ಎದ್ದು ನಿಂತ.

"ಮನೇಲಿ ಎಲ್ಲಾ ಕ್ಷೇಮ ತಾನೇ?" ಗಾಬರಿಯಿಂದ ಕೇಳಿದ.

ತಮ್ಮ ಬಟ್ಟೆ ಮುಂದೆ ಚಾಚಿದ. "ಉಸಿರು ಕೊಳವೇಲಿತ್ತು ಅಣ್ಣ. ನಾನೇ ತುರುಕಿದ್ದೆ. ಅವತ್ತು ನೀರು ಹೊಡೆಯುವಾಗ. ಮರೆತುಬಿಟ್ಟೆ."

ಅಣ್ಣ ಲೋಟವನ್ನು ಸ್ಟೂಲಿನ ಮೇಲಿಟ್ಟು ಬಟ್ಟೆ ತೆಗೆದುಕೊಂಡ. ಕೆಂಪು ಅಂಚನ್ನು ಹೆಬ್ಬೆರಳಲ್ಲಿ ಸವರಿದ. ಬಹಳ ಹೊತ್ತು ಸವರಿದ.

"ಸೀಲು?"

"ಸರಿಯಾಗಿತ್ತು. ಕೂದಲೆಳೆಯಷ್ಟೂ ಓರೆ ಇರಲಿಲ್ಲ. ನಿನ್ನ ಕೈಗೆ ಏನೂ ಆಗಿರಲಿಲ್ಲ ಅಣ್ಣ. ನಾನು ಸುಳ್ಳು ಹೇಳಿದೆ. ನಂದೇ ತಪ್ಪು, ಎಲ್ಲಾ ನಂದೇ."

ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಒಂದು ಏಟು ಹಾಕಿದ್ದರೆ ಇನ್ನೂ ಚೆನ್ನಾಗಿತ್ತು.

"ನನ್ನ ಮೊಮ್ಮಗಳು ಹುಟ್ಟಿದಾಗ" ಎಂದ, ಬಟ್ಟೆ ನೋಡುತ್ತಲೇ, "ತೊಡೆ ಮೇಲೆ ಹಾಕೋಕೆ ಬಂದ್ರು. ನಾನು ಬೇಡ ಅಂದೆ. ಕೈ ನಡುಗುತ್ತಲ್ಲ, ಬೀಳಿಸಿಬಿಟ್ರೆ ಅಂತ. ಒಂದು ದಿನಾನೂ ಎತ್ಕೊಳ್ಳಲಿಲ್ಲ ಕಣೋ. ಈಗ ಅವಳಿಗೆ ಐದು ವರ್ಷ. ಎತ್ಕೋ ತಾತ ಅಂತ ಕೇಳೋದನ್ನೇ ಬಿಟ್ಟಿದ್ದಾಳೆ."

ತಮ್ಮ ಅಲ್ಲೇ ಗೋಡೆಗೊರಗಿ ಕುಸಿದು ಕೂತು ಬಿಕ್ಕಿದ. ಅಣ್ಣ ಅವನ ತಲೆ ಮುಟ್ಟಲಿಲ್ಲ, ದೂರವೂ ಸರಿಯಲಿಲ್ಲ. ಆಮೇಲೆ ಕೇಳಿದ, "ಗಾಡಿ ಪಾಸಾಯ್ತಾ?"

"ಆಯ್ತು. ಹೊರಗಿದೆ. ನೀನೇ ಓಡಿಸ್ಕೊಂಡು ಮನೆಗೆ ಹೋಗು ಅಣ್ಣ."

ಅಣ್ಣ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಖಾಕಿ ಅಂಗಿಯ ಜೇಬಿಗೆ ಹಾಕಿಕೊಂಡ. ಸ್ಟೂಲಿನ ಮೇಲಿದ್ದ ಲೋಟದ ಕಡೆ ನೋಡಿದ. ಬಲಗೈ ಒಂದನ್ನೇ ಚಾಚಿ ಅದನ್ನು ಎತ್ತಿದ. ಟೀ ಅಲುಗಲಿಲ್ಲ, ತುಳುಕಲಿಲ್ಲ. ಲೋಟ ಬಾಯಿಯ ಅರ್ಧ ದಾರಿಗೆ ಬರುವಷ್ಟರಲ್ಲಿ ಎಡಗೈ ತಾನಾಗಿ ಮೇಲೆ ಬಂದು ಅದರ ಕೆಳಗೆ ಸೇರಿಕೊಂಡಿತು.