ಕಿವಿ ಹರಿದ ಆನೆ

ಆನೆಗೆ ಒಂದೇ ಕಿವಿ, ಇನ್ನೊಂದರ ಜಾಗದಲ್ಲಿ ಹರಿದ ಹಾಳೆಯ ಹಲ್ಲುಹಲ್ಲು ಅಂಚು — ಇದನ್ನು ನಾನು ಈಗಷ್ಟೇ ನೋಡಿದ್ದೇನೆ, ಹೊಲಿಗೆಯವಳ ಮನೆಯಲ್ಲಿ, ಅದಕ್ಕೂ ಮುಂಚೆ ಬಸ್ ಡ್ರೈವರ್ ಮನೆಯಲ್ಲಿ, ಇದೇ ಆನೆ, ಇದೇ ನೀಲಿ ರಟ್ಟು, ಅಂದರೆ ಪುಸ್ತಕಗಳು ನನಗಿಂತ ಮೊದಲು ಹಿಂಬಾಗಿಲಿಂದ ಓಡಿ ಬರುತ್ತಿವೆ, ನಾನು ಸಮೀಕ್ಷೆಯ ಫಾರಂ ಹಿಡಿದು ಪೆದ್ದಿಯ ಹಾಗೆ ಮುಂಬಾಗಿಲು ತಟ್ಟುತ್ತಿದ್ದೇನೆ. ಮಗುವಿಗೆ ಎಷ್ಟು ಪುಸ್ತಕ ಇದೆಯಮ್ಮಾ, ಮೂರು ಮೇಡಂ, ಎಲ್ಲಾ ಅವಳದೇ, ಅನ್ನುತ್ತಾಳೆ ಈ ಇಸ್ತ್ರಿಯವಳು, ಕಣ್ಣು ನನ್ನ ಪೆನ್ನಿನ ಮೇಲೆ, ಏದುಸಿರು ಬೇರೆ. ಯಾರು ಓದಿ ಹೇಳ್ತೀರಿ, ನಾನೇ, ದಿನಾ — ದಿನಾ ಅಂತೆ, ಹತ್ತು ತಾಸು ನಿಂತು ಇಸ್ತ್ರಿ ಉಜ್ಜುವವಳು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಇಪ್ಪತ್ತು ಪ್ರಶ್ನೆ, ಉತ್ತರಕ್ಕೆ ಅಂಕ, ಅಂಕ ಕಡಿಮೆ ಬಂದ ಬೀದಿಗೆ ಶಿಶುವಿಹಾರ, ಹಗಲೆಲ್ಲ ನೋಡಿಕೊಳ್ಳಲು ಆಯಾ, ಹಾಲು. ಇವರು ತಿಳಿದಿರುವುದು ಅದರ ತಲೆಕೆಳಗು, ಅಂಕ ಕಡಿಮೆಯಾದರೆ ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಎಂದು. ನಾನು ಹೇಳುವ ಹಾಗಿಲ್ಲ. ಕಂಡಿದ್ದು ಬರೀರಿ, ಅನುಮಾನಕ್ಕೆ ಫಾರಂನಲ್ಲಿ ಜಾಗ ಇಲ್ಲ, ಅಂದಿದ್ದರು ಆಫೀಸಿನ ಸಾರ್, ಎಲ್ಲರೂ ನಕ್ಕಿದ್ದರು, ನಾನೊಬ್ಬಳು ಬರೆದುಕೊಂಡಿದ್ದೆ. ಹಿಂದಿನ ಎರಡು ಮನೆಗೆ ಮೂರು, ಮೂರು ಎಂದು ತುಂಬಿಸಿಯೂ ಆಯಿತು. ನನ್ನಮ್ಮನೂ ಹೀಗೇ, ನನ್ನನ್ನು ಶಾಲೆಗೆ ಸೇರಿಸುವ ದಿನ ಪಕ್ಕದ ಮನೆಯ ಹುಡುಗಿಯ ಶೂ ಹಾಕಿಸಿದ್ದಳು, ಕೇಳಿದ್ರೆ ನಂದೇ ಅನ್ನು ಕಣೇ, ಯಾರೂ ಕೇಳಲಿಲ್ಲ, ಶೂ ಕಚ್ಚುತ್ತಲೇ ಇತ್ತು, ಈಗಲೂ ಯಾರಾದರೂ ಏನಾದರೂ ಕೇಳಿದರೆ ಮೊದಲು ಹಿಮ್ಮಡಿ ಉರಿಯುತ್ತದೆ. ಇಲ್ಲಿ ಸೊನ್ನೆ ಹಾಕಿಬಿಡಲೇ, ಹಾಕಿದರೆ ಶಿಶುವಿಹಾರ ಬಂದರೂ ಬಂದೀತು, ಇವಳ ಸುಳ್ಳಿಗೆ ನನ್ನದೊಂದು — ಅಷ್ಟರಲ್ಲಿ ಇಸ್ತ್ರಿ ಮೇಜಿನ ಕೆಳಗಿಂದ ಮಗು ತೆವಳಿ ಬರುತ್ತದೆ, ಮೂರು ವರ್ಷವಿರಬೇಕು, ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು, ಹುಡುಕದೆಯೇ ಆ ಹಾಳೆ ತೆರೆದು, ಹರಿದ ಜಾಗಕ್ಕೆ ಬೆರಳಿಡುತ್ತದೆ, ಇದನ್ನ ನಾನು ತಿಂದ್ಬಿಟ್ಟೆ. ಸುಮ್ನಿರೇ, ಅನ್ನುತ್ತಾಳೆ ತಾಯಿ ತಲೆ ತಗ್ಗಿಸಿ, ಚಿಕ್ಕೋಳಿದ್ದಾಗ ಮೇಡಂ, ಓದ್ತಾ ಓದ್ತಾ ನಂಗೇ ನಿದ್ದೆ ಬಂದಿತ್ತು, ಅಷ್ಟರಲ್ಲಿ — ಅಂದರೆ ಇದು ಈ ಮನೆಯದೇ, ದಿನಾ ಓದುವುದೂ ನಿಜ, ಪುಸ್ತಕ ಓಡಿ ಹೋಗಿದ್ದು ಇಲ್ಲಿಂದ ಅಲ್ಲಿಗೆ, ಹಿಂಬಾಗಿಲಿಂದ ಓಡಿ ವಾಪಸ್ಸು ತಂದ ಏದುಸಿರು ಅದು, ಸುಳ್ಳು ಇರುವುದು ನಾನು ತುಂಬಿಸಿದ ಆ ಎರಡು ಫಾರಂಗಳಲ್ಲಿ, ಇಲ್ಲಿರುವುದು ನಿಜ, ಮತ್ತು ನಿಜ ಬರೆದರೂ ಅಂಕ ಏರುತ್ತದೆ, ಶಿಶುವಿಹಾರ ತಪ್ಪುತ್ತದೆ, ಹೊಡೆದು ಹಾಕಲೇ ಹಿಂದಿನ ಎರಡನ್ನು, ಕಂಡಿದ್ದು ಬರೀರಿ, ಕಂಡಿದ್ದು — ಪೆನ್ನು ಚೌಕದ ಮೇಲೆ, ಚೌಕ ಖಾಲಿ, ಪುಟ್ಟ ಬೆರಳು, ಹಲ್ಲುಹಲ್ಲು ಅಂಚು, ಆನೆಗೆ ಕಿವಿ ಇದ್ದ ಜಾಗ