ಕೇಸಿನ ವಾರಸುದಾರ

ನರ್ಸಮ್ಮ ತೀರಿಕೊಂಡು ಎಂಟು ದಿನವಾಗಿತ್ತು. ಲಾಯರಮ್ಮ ಟೇಲರಕ್ಕನನ್ನು ಕರೆಸಿಕೊಂಡು, ಅರ್ಜಿ ಹಾಕಿದವರು ಹೋದರೆ ಅರ್ಜಿಯೂ ಹೋಗುತ್ತದೆ ಎಂದರು. ಟೇಲರಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ.

"ತೊಂಬತ್ತು ದಿನದೊಳಗೆ ವಾರಸುದಾರರು ಬಂದು, ಈ ಕೇಸು ನಾನು ನಡೆಸ್ತೀನಿ ಅಂತ ಬರ್ಕೊಡ್ಬೇಕು. ಇಲ್ಲಾಂದ್ರೆ ಫೈಲು ಮುಚ್ಚಿಬಿಡ್ತಾರೆ."

"ಅದಕ್ಕೇನಂತೆ, ನಾನಿದ್ದೀನಲ್ಲ."

ಲಾಯರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಕೆಟ್ಟ ಮಾತು ಆಡುವ ಮುಂಚೆ ಅವರಿಗೆ ಅದೊಂದು ಅಭ್ಯಾಸ. "ನೀವು ಕಾನೂನಿನ ಪ್ರಕಾರ ಅವರಿಗೆ ಏನೂ ಆಗಲ್ಲ ಅಕ್ಕ. ಒಡಹುಟ್ಟಿದವರು ಬೇಕು."

ಹದಿನೆಂಟು ವರ್ಷ ಒಂದೇ ಮನೆ, ಒಂದೇ ಒಲೆ, ಒಂದೇ ಜಗಳ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳಿಗೆ ನಿದ್ದೆಯಿಲ್ಲ. ಇಷ್ಟಾದರೂ ಏನೂ ಅಲ್ಲವಂತೆ. ಇಬ್ಬರೂ ಗಂಡುಮಕ್ಕಳೆಂದು ಬರೆಸಿಕೊಂಡು ಹುಟ್ಟಿ, ಹೆಣ್ಣಾಗಿ ಬದುಕಲು ಮನೆ ಬಿಟ್ಟು ಬಂದವರು. ಟೇಲರಕ್ಕ ಶಾಲೆಯ ಯೂನಿಫಾರಂ ಹೊಲಿದು ಜೀವನ ಕಟ್ಟಿಕೊಂಡಳು. ಇನ್ನೊಬ್ಬಳು ನರ್ಸ್ ಕೆಲಸ ಮಾಡುತ್ತಿದ್ದಳು. ಸರ್ಟಿಫಿಕೇಟಿನಲ್ಲಿ ಗಂಡಸಿನ ಹೆಸರು, ಎದುರಿಗೆ ನಿಂತವಳು ಹೆಂಗಸು ಎಂದು ಆಸ್ಪತ್ರೆಯವರು ಅವಳನ್ನು ತೆಗೆದುಹಾಕಿದರು. ಸರ್ಟಿಫಿಕೇಟಿನಲ್ಲಿ ಹೆಸರು ಬದಲಾಯಿಸಿಕೊಡಿ ಎಂದು ಕೇಳಿದರೆ, ಹಾಗೆ ಬದಲಾಯಿಸುವ ನಿಯಮವೇ ಇಲ್ಲ ಎಂದರು ಕಚೇರಿಯವರು. ಕೇಸು ಶುರುವಾದದ್ದು ಅಲ್ಲಿಂದ.

ವಕೀಲರನ್ನು ಹುಡುಕುವುದರಲ್ಲೇ ಒಂದೂವರೆ ವರ್ಷ ಹೋಯಿತು. ಒಬ್ಬ ಮಹಾಶಯ ಇವರ ಮುಖ ನೋಡದೆ ಬಾಗಿಲಿನ ಜೊತೆ ಮಾತಾಡಿದ. ಇನ್ನೊಬ್ಬ ಕಾನೂನು ಬಿಟ್ಟು ಬೇರೆಲ್ಲ ಪ್ರಶ್ನೆ ಕೇಳಿದ. ಕೊನೆಗೆ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಶನಿವಾರ ಶನಿವಾರ ಬಡವರ ಕೇಸು ನೋಡುವ ಈ ಲಾಯರಮ್ಮ ಸಿಕ್ಕರು. ಅವರು ಹೇಳಿಕೊಟ್ಟದ್ದನ್ನೆಲ್ಲ ನರ್ಸಮ್ಮ ಗುಂಡುಗುಂಡಾದ ಅಕ್ಷರದಲ್ಲಿ ಬರೆದು ಕರಪತ್ರ ಮಾಡಿಸಿದಳು. ಮನೆ ಖಾಲಿ ಮಾಡಿ ಎಂದರೆ ಏನು ಕೇಳಬೇಕು, ಠಾಣೆಗೆ ಕರೆದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ಅದರಲ್ಲಿತ್ತು. ಭಾನುವಾರ ಟೇಲರಕ್ಕನ ಅಂಗಡಿಯಲ್ಲಿ, ಕಾಜಾ ಹಾಕದ ಷರ್ಟುಗಳ ರಾಶಿಯ ನಡುವೆ, ಹದಿನಾಲ್ಕು ಜನ ಕೂತು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ನರ್ಸಮ್ಮನ ಕೇಸು ಗೆದ್ದರೆ ಆ ಹದಿನಾಲ್ಕು ಜನರ ಕಾಗದಪತ್ರವೂ ಸರಿಯಾಗುತ್ತಿತ್ತು. ಆರು ವರ್ಷ ನಡೆದು ತೀರ್ಪಿಗೆ ಒಂದೇ ವಾಯಿದೆ ಉಳಿದಿತ್ತು. ಅಷ್ಟರಲ್ಲಿ ಅವಳ ಲಿವರು ಕೈಕೊಟ್ಟಿತು.

"ಬೇರೆ ಯಾರಾದ್ರೂ ಹೊಸದಾಗಿ ಹಾಕಿದ್ರೆ?"

"ಮತ್ತೆ ಆರು ವರ್ಷ. ಅದೂ ಅಲ್ದೆ, ಒಂದೊಂದು ಚೀಟೀನೂ ಅವರ ಹಾಗೆ ಜೋಪಾನ ಮಾಡಿದವರು ನಿಮ್ಮಲ್ಲಿ ಇನ್ಯಾರಿದ್ದಾರೆ?" ಲಾಯರಮ್ಮ ಫೈಲಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. "ಹತ್ತಿರದ ಸಂಬಂಧಿ ಅನ್ನೋ ಕಡೆ ತಮ್ಮನ ಹೆಸರು ಬರೆದಿದ್ದಾರೆ ನೋಡಿ."

ಟೇಲರಕ್ಕ ನೋಡಿದಳು. ಅದೇ ಗುಂಡುಗುಂಡಾದ ಅಕ್ಷರ. ಹದಿನೆಂಟು ವರ್ಷದಲ್ಲಿ ಒಂದು ಸಲವೂ ಹೊಸಿಲು ತುಳಿಯದ ತಮ್ಮ. ಕೊನೆಯ ವಾರ ಏಳು ಸಲ ಫೋನ್ ಮಾಡಿದರೂ ಎತ್ತದ ತಮ್ಮ. ಗಂಜಿ ಕುಡಿಸಿದವಳು ಇವಳು, ಬರೆದದ್ದು ಅವನ ಹೆಸರು. ಸತ್ತವಳ ಮೇಲೆ ಕೋಪ ಮಾಡಿಕೊಳ್ಳಬಾರದು ಎನ್ನುತ್ತಾರೆ, ಆದರೆ ಟೇಲರಕ್ಕನಿಗೆ ಹೊಟ್ಟೆಯೊಳಗಿನಿಂದ ಕೋಪ ಬಂತು. ಅದರ ಹಿಂದೆಯೇ ಅಳು.

"ಅವನ್ನೇ ಕೇಳ್ತೀನಿ," ಎಂದಳು.

"ಯೋಚನೆ ಮಾಡಿ. ಒಂದು ಸಲ ಅವರ ಹೆಸರು ಸೇರಿತು ಅಂದ್ರೆ ಕೇಸು ಅವರದ್ದು. ನಿಮ್ಮದಲ್ಲ, ನನ್ನದೂ ಅಲ್ಲ."

"ಅವನ ಮನಸ್ಸು ಮೆತ್ತಗೆ ಅಂತಿದ್ಲು. ಅವಳು ನಂಬಿದ್ಲಲ್ಲ, ಸಾಕು ಬಿಡಿ."

ತಮ್ಮ ಕಟ್ಟುಹಲ್ಲು ಮಾಡುವವನು. ಡಾಕ್ಟರುಗಳು ಅಚ್ಚು ಕಳಿಸಿದರೆ ಇವನು ಹಲ್ಲಿನ ಸೆಟ್ಟು ಮಾಡಿ ಕೊಡುತ್ತಿದ್ದ. ಅಂಗಡಿಯ ಗೋಡೆಯುದ್ದಕ್ಕೂ ಬಿಳಿ ದವಡೆಗಳು, ಒಂದೊಂದಕ್ಕೂ ನಂಬರಿನ ಚೀಟಿ. ಟೇಲರಕ್ಕ ಒಳಗೆ ಕಾಲಿಟ್ಟಾಗ ಅವನು ಒಂದು ಹಲ್ಲನ್ನು ಅರದಿಂದ ತಿಕ್ಕುತ್ತಿದ್ದ. ಅದೇ ಮೂಗು, ಅದೇ ಹುಬ್ಬು.

"ನಿಮ್ಮ ಅಕ್ಕ ಹೋದ್ಲು," ಎಂದಳು.

ಅಕ್ಕ ಯಾರೆಂದು ಅವನಿಗೆ ಒಂದು ಗಳಿಗೆ ಹೊಳೆಯಲಿಲ್ಲ. ಹೊಳೆದ ಮೇಲೆ ಅರ ಕೆಳಗಿಟ್ಟು, ಸುಣ್ಣದ ಪುಡಿ ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡ. "ಅಣ್ಣ ನನಗೆ ಈಜು ಕಲಿಸಿದ್ದ," ಎಂದು ಬಿಕ್ಕಿದ. ಟೇಲರಕ್ಕ ಹತ್ತಿರ ಹೋಗಿ ಅವನ ಬೆನ್ನು ಸವರಿದಳು. ಅಣ್ಣ ಎಂದದ್ದು ಕಿವಿಗೆ ಬಿತ್ತು, ದುಃಖದಲ್ಲಿರುವವನನ್ನು ತಿದ್ದುವುದು ಬೇಡವೆಂದು ಸುಮ್ಮನಾದಳು. ಆಮೇಲೆ ಕೇಸಿನ ಕಥೆ ಮೊದಲಿಂದ ಹೇಳಿದಳು. ಅವನು ಎಲ್ಲ ಕೇಳಿ, ಕೈ ತೊಳೆದುಕೊಂಡು ಬಂದು, ತೋರಿಸಿದ ಕಡೆಯೆಲ್ಲ ಸಹಿ ಹಾಕಿದ.

ಆ ಭಾನುವಾರ ಅಂಗಡಿಯಲ್ಲಿ ತಿಂಗಳ ಮೇಲೆ ಮೊದಲ ಸಲ ನಗು ಕೇಳಿತು. "ನೋಡ್ರೇ, ರಕ್ತ ಅಂದ್ರೆ ರಕ್ತಾನೇ," ಎಂದು ಟೇಲರಕ್ಕ ಎಲ್ಲರ ಮುಂದೆ ಹೊಗಳಿದಳು. ಆ ಮಾತು ನೆನೆದರೆ ಈಗಲೂ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ವಾಯಿದೆಯ ದಿನ ತಮ್ಮ ಇಸ್ತ್ರಿಯ ಷರ್ಟು ತೊಟ್ಟು ಬಂದಿದ್ದ. ಜೊತೆಗೆ ಬೇರೊಬ್ಬ ವಕೀಲ. ಕೇಸಿನ ನಂಬರು ಕೂಗಿದಾಗ ಲಾಯರಮ್ಮ ಎದ್ದರು, ಆ ವಕೀಲನೂ ಎದ್ದ. ಅರ್ಜಿದಾರರು ಅರ್ಜಿಯನ್ನು ವಾಪಸು ಪಡೆಯಲು ಬಯಸುತ್ತಾರೆ ಎಂದ. ಅಷ್ಟೇ. ಆರು ವರ್ಷದ ಕೇಸಿಗೆ ಒಂದು ವಾಕ್ಯ.

ನ್ಯಾಯಾಧೀಶರು ತಮ್ಮನನ್ನು ಕೇಳಿದರು. ಅವನು ತಲೆ ತಗ್ಗಿಸಿ, "ಪೇಪರಿನವರು ಅಣ್ಣನ ವಿಷಯ ಕೇಳ್ಕೊಂಡು ಅಂಗಡಿಗೆ ಬಂದಿದ್ರು ಸ್ವಾಮಿ. ಹೋದೋನು ಹೋದ. ಇನ್ನಾದ್ರೂ ನೆಮ್ಮದಿಯಾಗಿರ್ಲಿ," ಎಂದ. ಸುಳ್ಳು ಹೇಳುವವನ ದನಿಯಲ್ಲ ಅದು. ಟೇಲರಕ್ಕನಿಗೆ ಅದೇ ಹೆಚ್ಚು ಉರಿಯಿತು.

ಅವಳು ಎದ್ದು ನಿಂತಳು. ಲಾಯರಮ್ಮ ಕೈ ಹಿಡಿದೆಳೆದರೂ ಕೂರಲಿಲ್ಲ. "ಬೇಡ ಸ್ವಾಮಿ, ಮುಚ್ಚಬೇಡಿ."

"ತಾವು ಮೃತರಿಗೆ ಏನಾಗಬೇಕು?"

ಏನಾಗಬೇಕು. ಅಕ್ಕ ಎನ್ನೋಣವೆಂದರೆ ಹುಟ್ಟಿದ ಮನೆ ಬೇರೆ. ಗೆಳತಿ ಎಂದರೆ ಆ ಮಾತು ತೀರಾ ಚಿಕ್ಕದು. "ಅವಳಿಗೆ ತಲೆ ಬಾಚ್ತಿದ್ದೆ ಸ್ವಾಮಿ," ಎಂದಳು. "ಕೊನೇ ಸ್ನಾನ ಮಾಡಿಸಿದ್ದೂ ನಾನೇ."

ನ್ಯಾಯಾಧೀಶರು ಕೆಟ್ಟವರಲ್ಲ. "ಕೂತ್ಕೊಳ್ಳಿ ತಾಯಿ," ಎಂದು ಮೆಲ್ಲಗೆ ಹೇಳಿ, ಟೈಪಿಸ್ಟ್ ಕಡೆ ತಿರುಗಿ ಆದೇಶ ಬರೆಸಿದರು. ಅರ್ಜಿ ವಾಪಸಾಯಿತು.

ಹೊರಗೆ ಮೊಗಸಾಲೆಯಲ್ಲಿ ತಮ್ಮ ಕಾದು ನಿಂತಿದ್ದ. ಬೈಯಲೆಂದು ಅವಳು ನೇರ ಅವನ ಹತ್ತಿರ ಹೋದಳು.

"ಎಲ್ಲಿ ಮಣ್ಣು ಮಾಡಿದ್ರಿ?" ಎಂದು ಅವನೇ ಕೇಳಿದ. "ಅವತ್ತು ಕೇಳೋಕೆ ಆಗ್ಲಿಲ್ಲ. ಒಂದು ಕಲ್ಲು ಹಾಕಿಸ್ಬೇಕು ಅಂತ. ನನ್ನ ಕೈಯಲ್ಲಾಗೋದು ಅದೊಂದೇ."

ಹೇಳಿಬಿಡೋಣ ಎನ್ನಿಸಿತು. ಎಷ್ಟಾದರೂ ನರ್ಸಮ್ಮನ ತಮ್ಮ. ಬಸ್ಸಿನ ನಂಬರು, ಹಿಂದಿನ ಗೇಟು, ಗೋಡೆಯ ಪಕ್ಕದ ಮೂರನೇ ಸಾಲು, ಎಲ್ಲ ನಾಲಿಗೆಯ ತುದಿಗೆ ಬಂತು.

"ಕಲ್ಲಿನ ಮೇಲೆ ಯಾವ ಹೆಸರು ಬರೆಸ್ತೀರಿ?"

ಅವನು ಚಪ್ಪಲಿ ನೋಡಿಕೊಂಡ. "ಅಪ್ಪ ಅಮ್ಮ ಇಟ್ಟಿದ್ದು."

"ಹಾಗಾದ್ರೆ ಹೇಳಲ್ಲ."

"ನಾನು ಒಡಹುಟ್ಟಿದೋನು ಅಕ್ಕ."

"ಹೌದಪ್ಪ. ಒಳಗೆ ಜಡ್ಜ್ ಸಾಹೇಬ್ರೂ ಅದನ್ನೇ ನೋಡಿದ್ದು."

ಅವನು ಇನ್ನೇನೋ ಅನ್ನುವಷ್ಟರಲ್ಲಿ ಅವಳು ಮೆಟ್ಟಿಲಿಳಿಯತೊಡಗಿದಳು. ಕಣ್ಣು ಮಂಜಾಗಿ ಕಂಬಿ ಹಿಡಿದುಕೊಂಡೇ ಇಳಿಯಬೇಕಾಯಿತು. ಕೆಳಗೆ ಹದಿನಾಲ್ಕು ಜನ, ಹೊಸದಾಗಿ ಅಚ್ಚುಹಾಕಿಸಿದ ಕರಪತ್ರದ ಕಟ್ಟು ಹಿಡಿದು ನಿಂತಿದ್ದರು. ಅವಳು ಬಂದದ್ದು ಕಂಡು ಎಲ್ಲರೂ ಮೇಲೆ ನೋಡಿದರು.