ಅಣ್ಣನ ಅಕ್ಷರ

ಠಾಣೆಯ ದಾಖಲೆ ವಿಭಾಗದಲ್ಲಿ ವರದಿಯ ನಕಲನ್ನು ಅರ್ಜಿದಾರರ ಕೈಗೇ ಕೊಡುವುದು ನಿಯಮ. ಅದನ್ನು ಅಲ್ಲಿಯೇ ಕುಳಿತು ಓದಿ, ಪ್ರತಿ ಪುಟದ ಕೆಳಗೂ ‘ಓದಿ ಪಡೆದಿದ್ದೇನೆ’ ಎಂದು ಬರೆದು ಸಹಿ ಹಾಕಬೇಕು. ಇದು ಅವಳಿಗೆ ತಿಳಿದಿರಲಿಲ್ಲ. ಅಣ್ಣನಿಗೆ ತಿಳಿದಿತ್ತು.

ಅವಳು ಶಾಲಾ ಸಮವಸ್ತ್ರದ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಎರಡು ತಿಂಗಳ ಹಿಂದೆ ಗಂಡ ಅವಳ ಬಲ ಮುಂಗೈಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲನ್ನು ಒದ್ದಿದ್ದ. ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯ ಚೀಟಿಯನ್ನು ನೋಡಿ, ಅವನು ಮನೆಯತ್ತ ಸುಳಿಯಬಾರದೆಂದು ನ್ಯಾಯಾಲಯ ತಾತ್ಕಾಲಿಕ ಆದೇಶ ಕೊಟ್ಟಿತ್ತು. ಅದರ ಅವಧಿ ಸೋಮವಾರಕ್ಕೆ ಮುಗಿಯುತ್ತಿತ್ತು. ಪೊಲೀಸ್ ವರದಿ ಇಲ್ಲದೆ ಆದೇಶ ಮುಂದುವರಿಯದು ಎಂದು ವಕೀಲರು ಹೇಳಿದ್ದರು. ಮುಂದುವರಿಯದಿದ್ದರೆ ಮಂಗಳವಾರ ಅವನು ತನ್ನ ಬೀಗದ ಕೈಯಿಂದಲೇ ಬಾಗಿಲು ತೆರೆದು ಒಳಗೆ ಬರಬಹುದಿತ್ತು.

“ನಾನು ತರ್ತೀನಿ, ನೀನ್ಯಾಕೆ ಅಲೀತೀಯ” ಎಂದು ಅಣ್ಣ ಮೂರು ಸಲ ಹೋಗಿ ಮೂರು ಸಲವೂ ಬರಿಗೈಯಲ್ಲಿ ಬಂದಿದ್ದ. ಶುಕ್ರವಾರ ಅವಳೇ ಹೊರಟಾಗ ಅವನೂ ಜೊತೆಯಾದ.

ಅಣ್ಣ ನ್ಯಾಯಾಲಯದ ಎದುರು ಮೇಜು ಹಾಕಿಕೊಂಡು ಪರವಾನಗಿಯ ಮೇಲೆ ಅರ್ಜಿ ಬರೆದುಕೊಡುವವನು. ಮನೆಯಲ್ಲಿ ಯಾರ ಕಾಗದವಾದರೂ ಬರೆಯುವವನು ಅವನೇ. ಅವನು ಬರೆದದ್ದನ್ನು ಯಾರೂ ಓದುತ್ತಿರಲಿಲ್ಲ. ಅವನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕುತ್ತಿದ್ದರು. ಓದಿದರೆ ಅವನನ್ನು ನಂಬದಂತೆ ಎಂದು ಅಮ್ಮ ಹೇಳಿಕೊಟ್ಟಿದ್ದಳು. ಕೈ ಮುರಿದ ದಿನ ಠಾಣೆಯಲ್ಲಿ ಅವಳ ಹೇಳಿಕೆಯನ್ನು ಬರೆದವನೂ ಅವನೇ. ಅವಳು ಅಳುತ್ತ ಹೇಳಿದಳು, ಅವನು ತಲೆ ಬಗ್ಗಿಸಿ ಬರೆದ, ಅವಳು ಎಡಗೈಯ ಹೆಬ್ಬೆಟ್ಟು ಒತ್ತಿದಳು.

ನಕಲು ಕೈಗೆ ಬಂದೊಡನೆ ಅಣ್ಣ ಲಕೋಟೆಯ ಬಾಯಿ ಅಗಲಿಸಿ ಹಿಡಿದ.

“ಇದರೊಳಗೆ ಹಾಕು ಪುಟ್ಟಿ, ಮಡಿಕೆ ಬೀಳುತ್ತೆ.”

“ದಿನಾ ಇಲ್ಲಿಗೆ ಬರೋರು, ನಿಮಗೆ ಗೊತ್ತಿಲ್ವೇನ್ರೀ?” ಎಂದಳು ಕನ್ನಡಕದ ಮಹಿಳಾ ಪೇದೆ. “ಅವರು ಓದ್ಲಿ. ಹೋದ ವರ್ಷ ಒಬ್ಬರು ಪಕ್ಕದ ಮನೆ ಕೋಳಿ ಕಳುವಾದ ವರದಿ ತಗೊಂಡೋಗಿ ವಿಚ್ಛೇದನಕ್ಕೆ ಲಗತ್ತಿಸಿದ್ರು. ಬೈಸಿಕೊಂಡೋಳು ನಾನು.”

“ನಾನೇ ಬರೆದದ್ದು ಮೇಡಂ. ಅದರಲ್ಲಿ ಓದೋಕೇನಿದೆ?”

“ಹಾಗಾದ್ರೆ ಬೇಗ ಮುಗಿಯುತ್ತೆ. ಓದಮ್ಮ.”

ಮೊದಲ ಪುಟದಲ್ಲಿ ಹೆಸರು, ವಿಳಾಸ. ಎರಡನೆಯ ಪುಟದಲ್ಲಿ ಅಣ್ಣನ ದುಂಡು ಅಕ್ಷರ: ‘ಸ್ನಾನದ ಕೋಣೆಯಲ್ಲಿ ಕಾಲು ಜಾರಿ ಬಿದ್ದು ಮುಂಗೈಗೆ ಪೆಟ್ಟಾಗಿರುತ್ತದೆ. ನನ್ನ ಪತಿಯವರೇ ನನ್ನನ್ನು ಎತ್ತಿ ಕೂರಿಸಿರುತ್ತಾರೆ. ಅವರ ಮೇಲೆ ನನ್ನ ಯಾವ ದೂರೂ ಇರುವುದಿಲ್ಲ. ಇದನ್ನು ನನಗೆ ಓದಿ ಹೇಳಲಾಗಿದೆ.’ ಅದರ ಕೆಳಗೆ ಅವಳ ಹೆಬ್ಬೆಟ್ಟು.

ಎರಡು ಸಲ ಓದಿದಳು. ಎಲ್ಲಿಯೂ ಒಂದು ಚಿತ್ತು ಇರಲಿಲ್ಲ. ಅವನು ಎಲ್ಲಿಯೂ ತಡವರಿಸಿರಲಿಲ್ಲ.

“ಅಣ್ಣ, ನಾನು ಹೀಗೆ ಹೇಳಿದ್ನಾ?”

ಅವನು ಲಕೋಟೆಯ ಅಂಚನ್ನು ಉಗುರಿನಿಂದ ತೀಡುತ್ತಿದ್ದ. “ಆವತ್ತು ನಿನ್ನ ತಲೆ ಸರಿ ಇರ್ಲಿಲ್ಲ. ಬಿಸಿ ಆರಿದ ಮೇಲೆ ಇಬ್ಬರೂ ಸರಿಹೋಗ್ತೀರ ಅಂದ್ಕೊಂಡೆ.”

“ಊರ ಹೆಂಗಸರಿಗೆಲ್ಲ ಬರೆದುಕೊಡ್ತೀಯ. ಒದ್ದ, ಹೊಡೆದ, ಕೂದಲು ಹಿಡಿದೆಳೆದ, ಒಂದೂ ಬಿಡಲ್ಲ.”

“ಅವರ ಗಂಡಂದಿರು ನನಗೇನೂ ಆಗ್ಬೇಕಾಗಿಲ್ಲ.” ಆಮೇಲೆ ದನಿ ತಗ್ಗಿಸಿ, “ನನ್ನ ಮೇಜಿರೋದು ನಿನ್ನ ಗಂಡನ ಅಂಗಡಿ ಜಗಲಿ ಮೇಲೆ. ಭಾವ ಎಬ್ಬಿಸಿಬಿಟ್ರೆ ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ, ನೀನೇ ಹೇಳು” ಎಂದ.

ಗಂಡ ಬಾಗಿಲನ್ನು ಒದ್ದಾಗ ಅವಳಿಗೆ ಆಶ್ಚರ್ಯವೇನೂ ಆಗಿರಲಿಲ್ಲ. ಅವನ ಗುಣ ಗೊತ್ತಿತ್ತು. ಇದಕ್ಕೆ ಮಾತ್ರ ಅವಳು ಸಿದ್ಧಳಾಗಿರಲಿಲ್ಲ. ಅಳುತ್ತಿದ್ದ ಅವಳ ಎದುರಿಗೇ ಕುಳಿತು, ಆಗಾಗ “ಹ್ಞೂಂ, ಆಮೇಲೆ?” ಎಂದು ಕೇಳಿಕೊಂಡೇ ಅಣ್ಣ ಇದನ್ನು ಬರೆದಿದ್ದ.

ಪೇದೆ ನಕಲನ್ನು ತಾನೂ ಓದಿ ಕನ್ನಡಕ ತೆಗೆದಳು. “ಹೊಸ ಹೇಳಿಕೆ ಕೊಡಬಹುದಮ್ಮ. ಇವತ್ತೇ ಸಾಹೇಬರ ಸಹಿ ಮಾಡಿಸ್ತೀನಿ, ಸೋಮವಾರಕ್ಕೆ ಒದಗುತ್ತೆ. ಆದ್ರೆ ಮೊದಲನೇದು ಸುಳ್ಳು ಅಂದ್ರೆ, ಬರೆದವರು ಯಾರು ಅಂತಲೂ ತುಂಬಬೇಕು. ಪರವಾನಗಿ ಇರೋರಾದ್ರೆ ಅದು ಉಳಿಯೋದು ಕಷ್ಟ.”

“ಪುಟ್ಟಿ,” ಎಂದ ಅಣ್ಣ, “ಏನು ಬೇಕಾದ್ರೂ ಬರಿ. ಹೆಸರೊಂದು ಬೇಡ. ಯಾರೋ ದಾರಿಹೋಕರು ಬರೆದ್ರು ಅಂದ್ರಾಯ್ತು.” ಅವಳು ಪೇದೆಯ ಕೈಯಿಂದ ಹೊಸ ಹೇಳಿಕೆಯ ನಮೂನೆ ತೆಗೆದುಕೊಂಡಳು. ಅವನು ಹೊರಗೆ ಹೋದ.

ಅವಳು ಬರೆಯತೊಡಗಿದಳು. ಪಟ್ಟಿ ಬಿಚ್ಚಿ ವಾರವಾಗಿದ್ದ ಕೈ ಎರಡು ಸಾಲಿಗೊಮ್ಮೆ ನಿಲ್ಲುತ್ತಿತ್ತು. ಬಾಗಿಲು, ಒದೆತ, ಮೂಳೆ ಮುರಿದ ಸದ್ದು ಎಲ್ಲವನ್ನೂ ಬರೆದಳು. ಮೊದಲ ಹೇಳಿಕೆ ಬರೆದವರ ಹೆಸರಿನ ಜಾಗಕ್ಕೆ ಬಂದಾಗ ಲೇಖನಿ ಮುಂದಕ್ಕೆ ಹೋಗಲಿಲ್ಲ. ಅಣ್ಣನ ಮಕ್ಕಳು ನೆನಪಾದರು. ದಾರಿಹೋಕ ಎಂದು ಬರೆದರೂ ಆದೀತೇನೋ ಎನಿಸಿತು.

ಕಿಟಕಿಯ ಆಚೆ ಅಣ್ಣ ಫೋನಿನಲ್ಲಿ ಮಾತಾಡುತ್ತಿದ್ದ.

“ಭಾವ, ಅವಳು ಓದಿಬಿಟ್ಲು... ಇಲ್ಲ ಇಲ್ಲ, ನೀವು ಗಾಬರಿಯಾಗ್ಬೇಡಿ. ನನ್ನ ಹೆಸರು ಹಾಕಲ್ಲ ಅವಳು, ನನಗೆ ಗೊತ್ತಿಲ್ವಾ. ಸೋಮವಾರದೊಳಗೆ ಬೇರೆ ಏನಾದ್ರೂ ಬರೆಯೋಣ.”

ಅವಳು ಅಣ್ಣನ ಹೆಸರನ್ನು ಬರೆದಳು. ಅದರ ಮುಂದೆ ತಂದೆಯ ಹೆಸರು ಕೇಳಿತ್ತು. ಮೇಲೆ ತನ್ನ ಹೆಸರಿನ ಮುಂದೆ ಒಮ್ಮೆ ಬರೆದಿದ್ದ ಅದೇ ಹೆಸರನ್ನು ಅಲ್ಲಿಯೂ ಬರೆದು, ಕಾಗದವನ್ನು ಪೇದೆಯತ್ತ ತಿರುಗಿಸಿದಳು.